ಜೋಡಿ ಕಟ್ಟಿದವರು ಯಾರು?

ಎಲ್ಲ ಕಾಲದ ಹೆವಿವೇಯ್ಟ್ ಬಾಕ್ಸರುಗಳಲ್ಲಿ ದೊಡ್ಡವನು ಯಾರು ಅನ್ನುವ ಪ್ರಶ್ನೆಗೆ 1967ರಲ್ಲಿ ಅಮೆರಿಕದಲ್ಲಿ ಕಂಪ್ಯೂಟರಿನ ಬಾಯಿಂದ ಉತ್ತರ ಹೇಳಿಸಿದರು. ಮರ್ರೆ ವೊರೋನರ್ ಅನ್ನುವ ರೇಡಿಯೋ ನಿರ್ಮಾಪಕನ ಯೋಚನೆ ಅದು. ಹದಿನಾರು ಜನರನ್ನು ಆರಿಸಿ, ಸತ್ತವರು, ಮುದುಕರಾದವರು, ಇನ್ನೂ ಪ್ರಾಯದಲ್ಲಿದ್ದವರು ಎಲ್ಲರ ಜಾತಕವನ್ನೂ ಯಂತ್ರಕ್ಕೆ ತುಂಬಿದರು. ಯಂತ್ರ ಕಕ್ಕಿದ್ದನ್ನು ನಿಜವಾದ ಪಂದ್ಯದ ವೀಕ್ಷಕ ವಿವರಣೆಯ ಹಾಗೆ ರೇಡಿಯೋದಲ್ಲಿ ಬಿತ್ತರಿಸಿದರು. ಕೊನೆಗೆ ಗೆದ್ದವನು ರಾಕಿ ಮಾರ್ಸಿಯಾನೊ, ಸೋತವನು ಜ್ಯಾಕ್ ಡೆಂಪ್ಸಿ. ಮುಹಮ್ಮದ್ ಅಲಿ ಏನಾದ ಅಂತೀರಾ? ಅವನು ಫೈನಲಿನ ಹತ್ತಿರಕ್ಕೂ ಬರಲಿಲ್ಲ. ಕ್ವಾರ್ಟರ್ ಫೈನಲಿನಲ್ಲೇ ಜಿಮ್ ಜೆಫ್ರೀಸ್ ಎಂಬವನಿಗೆ ಸೋತುಬಿಟ್ಟ.

ಗೆಳೆಯರೇ, ಅಲಿ ಮತ್ತು ಜೆಫ್ರೀಸ್ ಅನ್ನುವ ಈ ಎರಡು ಹೆಸರುಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ.

1967ರ ಏಪ್ರಿಲ್ 28ರಂದು ಅಲಿ ಹ್ಯೂಸ್ಟನ್ನಿನಲ್ಲಿ ಸೈನ್ಯಕ್ಕೆ ಸೇರಲು ಒಲ್ಲೆ ಅಂದ. ವಿಯೆಟ್ನಾಮಿನ ಬಡವರನ್ನು ಕೊಲ್ಲಲು ಹೋಗೋದಿಲ್ಲ ಅಂದ. ತಕ್ಷಣ ಅವನ ಲೈಸೆನ್ಸು ಹೋಯಿತು, ಪಟ್ಟ ಹೋಯಿತು, ಜೂನ್ ತಿಂಗಳಲ್ಲಿ ಐದು ವರ್ಷದ ಸಜೆ ಆಯಿತು. ಅಪೀಲು ಹಾಕಿ ಜೈಲಿನಿಂದ ಹೊರಗೆ ಉಳಿದ, ಅಷ್ಟೆ. ಇಪ್ಪತ್ತೈದು ವರ್ಷದ ಆಳು, ಒಮ್ಮೆಯೂ ಸೋಲದವನು, ಮೂರೂವರೆ ವರ್ಷ ರಿಂಗಿಗೆ ಇಳಿಯುವ ಹಾಗಿಲ್ಲ. ಅದೇ ವರ್ಷ ಯಂತ್ರದೊಳಗೆ ಮಾತ್ರ ಅವನನ್ನು ಇಳಿಸಿದರು, ಇಳಿಸಿ ಸೋಲಿಸಿದರು.

ಗೆದ್ದ ಜೆಫ್ರೀಸ್ ಯಾರು? 1899ರಿಂದ 1905ರವರೆಗೆ ಚಾಂಪಿಯನ್ ಆಗಿದ್ದ ಬಿಳಿಯ. ಪಟ್ಟ ಸಿಗುವ ಮೊದಲು ಕರಿಯರ ಜೊತೆ ಅವನು ಹೊಡೆದಾಡಿದ್ದುಂಟು. ಆರೋಗ್ಯ ಕೆಟ್ಟು ಬಸವಳಿದಿದ್ದ ಪೀಟರ್ ಜಾಕ್ಸನ್‌ನನ್ನು 1898ರಲ್ಲಿ ಮೂರೇ ಸುತ್ತಿನಲ್ಲಿ ಬೀಳಿಸಿದ್ದ. ಪಟ್ಟ ಕೈಗೆ ಬಂದಮೇಲೆ ಮಾತ್ರ, ಕರಿಯನಿಗೆ ಪಟ್ಟದ ಪಂದ್ಯ ಕೊಡೋದಿಲ್ಲ ಅಂತ ಕೂತ. ಜ್ಯಾಕ್ ಜಾನ್ಸನ್ ಕೇಳಿದ, ಕರೆದ, ಹಂಗಿಸಿದ. ಜೆಫ್ರೀಸ್ ಬರಲಿಲ್ಲ. ‘ಸೋಲರಿಯದವನು’ ಅನ್ನಿಸಿಕೊಂಡು ನಿವೃತ್ತನಾಗಿ ತೋಟ ನೋಡಿಕೊಂಡಿದ್ದ. ಕರಿಯನ ಮುಂದೆ ನಿಲ್ಲಲು ಒಪ್ಪದೆ ಕಟ್ಟಿಕೊಂಡ ದಾಖಲೆಯೇ ಅರವತ್ತು ವರ್ಷದ ನಂತರ ಯಂತ್ರದೊಳಕ್ಕೆ ಹೋಗಿ, ಬಹಿಷ್ಕೃತನಾಗಿದ್ದ ಕರಿಯನನ್ನು ಸೋಲಿಸಿತು. ಅಲಿ ಹತ್ತು ಲಕ್ಷ ಡಾಲರಿಗೆ ಮಾನನಷ್ಟ ದಾವೆ ಹಾಕಿದ.

ನಮ್ಮ ಕಡೆ ಕುಸ್ತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಖಾಡಕ್ಕೆ ಇಳಿಯುವ ಮೊದಲೇ ಜೋಡಿ ಕಟ್ಟುತ್ತಾರೆ. ಯಾರಿಗೆ ಯಾರು ಅನ್ನೋದನ್ನು ತೀರ್ಮಾನ ಮಾಡುವವನ ಕೈಯಲ್ಲಿ ಅರ್ಧ ಕುಸ್ತಿ ಮುಗಿದಿರುತ್ತದೆ. ಹೆವಿವೇಯ್ಟ್ ಬಾಕ್ಸಿಂಗಿನ ಚರಿತ್ರೆಯಲ್ಲಿ ಜೋಡಿ ಕಟ್ಟಿದವರು ಯಾರು, ಯಾರನ್ನು ಕಟ್ಟಲಿಲ್ಲ, ಯಾಕೆ ಕಟ್ಟಲಿಲ್ಲ? ಇದನ್ನು ಕೇಳದೆ ಒಂದು, ಎರಡು, ಮೂರು ಅಂತ ನಂಬರು ಹಾಕುವ ಪಟ್ಟಿಗಳು ಬೇಕಾದಷ್ಟಿವೆ. ಅವುಗಳ ಬಗ್ಗೆ ನಮ್ಮ ತಕರಾರು ಇರುವುದು ಇಲ್ಲಿ.

ಆಟದಲ್ಲಿ ರಾಜಕೀಯ ಯಾಕೆ ತರ್ತೀರಿ, ಮುಷ್ಟಿಗೆ ಬಣ್ಣ ಉಂಟೆ ಅಂತ ಕೇಳುವವರು ಇದ್ದೇ ಇರುತ್ತಾರೆ. ಮುಷ್ಟಿಗೆ ಬಣ್ಣವಿಲ್ಲ, ಒಪ್ಪೋಣ. ರಿಂಗಿನ ಬಾಗಿಲಿಗೆ ಇತ್ತು. ಪೀಟರ್ ಜಾಕ್ಸನ್ 1891ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಜಿಮ್ ಕಾರ್ಬೆಟ್ ಜೊತೆ ಅರವತ್ತೊಂದು ಸುತ್ತು ಹೊಡೆದಾಡಿದ. ಇಬ್ಬರೂ ಕೈ ಎತ್ತಲಾರದ ಸ್ಥಿತಿಗೆ ಬಂದು ಪಂದ್ಯ ತೀರ್ಪಿಲ್ಲದೆ ನಿಂತಿತು. ಮರುವರ್ಷ ಚಾಂಪಿಯನ್ ಜಾನ್ ಎಲ್. ಸಲಿವನ್ ಮೇಲೆ ಕೈ ಮಾಡುವ ಅವಕಾಶ ಸಿಕ್ಕಿದ್ದು ಕಾರ್ಬೆಟ್‌ಗೆ. ಅವನು ಗೆದ್ದು ಚಾಂಪಿಯನ್ ಆದ. ಕರಿಯರ ಜೊತೆ ಹೊಡೆದಾಡೋದಿಲ್ಲ ಅಂತ ಸಲಿವನ್ ಬಹಿರಂಗವಾಗಿಯೇ ಸಾರಿದ್ದ. ಜಾಕ್ಸನ್ 1901ರಲ್ಲಿ ಆಸ್ಟ್ರೇಲಿಯಾದಲ್ಲಿ ಕ್ಷಯದಿಂದ ಸತ್ತ. ಪಟ್ಟಿಗಳಲ್ಲಿ ಕಾರ್ಬೆಟ್ ಇರುತ್ತಾನೆ.

ಈ ಬಾಗಿಲನ್ನು ಒದ್ದು ಒಳಗೆ ಹೋದವನು ಜ್ಯಾಕ್ ಜಾನ್ಸನ್. ಟೆಕ್ಸಾಸಿನ ಗ್ಯಾಲ್ವೆಸ್ಟನ್ನಿನವನು, ಗುಲಾಮರಾಗಿದ್ದವರ ಮಗ. ಚಾಂಪಿಯನ್ ಟಾಮಿ ಬರ್ನ್ಸ್ ಹಿಂದೆ ಊರೂರು ಸುತ್ತಿ 1908ರ ಡಿಸೆಂಬರಿನಲ್ಲಿ ಸಿಡ್ನಿಯಲ್ಲಿ ಹಿಡಿದ. ಬರ್ನ್ಸ್‌ಗೆ ಮೂವತ್ತು ಸಾವಿರ ಡಾಲರು, ಜಾನ್ಸನ್‌ಗೆ ಐದು ಸಾವಿರ. ಆ ಕೂಲಿಗೆ ಒಪ್ಪಿಯೇ ಇಳಿದು, ಹದಿನಾಲ್ಕನೆಯ ಸುತ್ತಿನಲ್ಲಿ ಪೊಲೀಸರು ಬಂದು ನಿಲ್ಲಿಸುವ ಹಾಗೆ ಹೊಡೆದ. ರಿಂಗಿನ ಪಕ್ಕದಲ್ಲಿ ಕೂತು ವರದಿ ಬರೆದವನು ಜ್ಯಾಕ್ ಲಂಡನ್. ‘ಐರನ್ ಹೀಲ್’ ಬರೆದ ಸಮಾಜವಾದಿ, ನಮ್ಮಲ್ಲಿ ಬಹಳ ಜನ ಮೆಚ್ಚಿಕೊಂಡು ಓದಿದ ಲೇಖಕ. ಅವನೇ, ಜೆಫ್ರೀಸ್ ತೋಟ ಬಿಟ್ಟು ಬಂದು ಈ ಕರಿಯನ ಮುಖದ ನಗು ಅಳಿಸಬೇಕು ಅಂತ ಬರೆದ. ಬಂಡವಾಳಶಾಹಿಯ ಹಿಮ್ಮಡಿ ಕಂಡ ಕಣ್ಣಿಗೆ ಇದು ಕಾಣಲಿಲ್ಲ. ವರ್ಗ ಒಂದನ್ನು ನೋಡಿದರೆ ಸಾಕು, ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತೆ ಅನ್ನುವ ಗೆಳೆಯರು ಇದನ್ನು ಒಂದಿಷ್ಟು ಯೋಚಿಸಬೇಕು.

ಜೆಫ್ರೀಸ್ ಬಂದ. ಮೈಯ ಕೊಬ್ಬು ಕರಗಿಸಿಕೊಂಡು, ಬಿಳಿಯರ ಮಾನ ಉಳಿಸಲು ಬಂದ. 1910ರ ಜುಲೈ 4, ನೆವಾಡಾದ ರೀನೋ. ನಲವತ್ತೈದು ಸುತ್ತಿಗೆ ಗೊತ್ತಾಗಿದ್ದ ಪಂದ್ಯ ಹದಿನೈದನೆಯ ಸುತ್ತಿಗೆ ಮುಗಿಯಿತು. ಅದುವರೆಗೆ ನೆಲ ಮುಟ್ಟದಿದ್ದ ಜೆಫ್ರೀಸ್ ಮತ್ತೆ ಮತ್ತೆ ನೆಲಕ್ಕೆ ಬಿದ್ದ. ಅವತ್ತು ರಾತ್ರಿ ಅಮೆರಿಕದ ಊರೂರುಗಳಲ್ಲಿ ಬಿಳಿಯರ ಗುಂಪುಗಳು ಕರಿಯರ ಮೇಲೆ ಬಿದ್ದವು. ಹತ್ತಕ್ಕೂ ಹೆಚ್ಚು ಜನ ಸತ್ತರು. ರೀನೋದಲ್ಲಿ ಒಬ್ಬ ಗೆದ್ದದ್ದಕ್ಕೆ ನೂರಾರು ಮೈಲಿ ಆಚೆ ಹೆಸರಿಲ್ಲದವರು ಪ್ರಾಣ ಕೊಟ್ಟರು.

ಇದಾದಮೇಲೆ ನಡೆದದ್ದು ಪಟ್ಟಿ ಮಾಡುವವರ ಮಟ್ಟಿಗೆ ಇನ್ನೂ ಮುಖ್ಯ. ಆ ಪಂದ್ಯದ ಫಿಲ್ಮು ತೋರಿಸಬಾರದು ಅಂತ ಊರೂರಲ್ಲಿ ಬಹಿಷ್ಕಾರ ಹಾಕಿದರು. 1912ರಲ್ಲಿ ಅಮೆರಿಕದ ಕಾಂಗ್ರೆಸ್ಸು, ಬಾಕ್ಸಿಂಗ್ ಫಿಲ್ಮುಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದೇ ಅಪರಾಧ ಅಂತ ಕಾನೂನು ಮಾಡಿತು. ಅದು ರದ್ದಾದದ್ದು 1940ರಲ್ಲಿ. ‘ಹಳೆಯ ಫಿಲ್ಮು ನೋಡಿ ಹೇಳ್ತಿದೀವಿ’ ಅನ್ನುವ ಪಂಡಿತರ ಸಾಕ್ಷಿ ಎಂಥದ್ದು ನೋಡಿ. ಸಾಕ್ಷಿಯನ್ನೇ ಇಪ್ಪತ್ತೆಂಟು ವರ್ಷ ಅಡಗಿಸಿಟ್ಟಿದ್ದರು. ಜಾನ್ಸನ್‌ನನ್ನು ರಿಂಗಿನಲ್ಲಿ ಬೀಳಿಸಲಾಗದವರು 1913ರಲ್ಲಿ ಕೋರ್ಟಿನಲ್ಲಿ ಬೀಳಿಸಿದರು. ಬಿಳಿಯ ಹೆಣ್ಣಿನ ಜೊತೆ ರಾಜ್ಯದ ಗಡಿ ದಾಟಿದ ಅಂತ ಶಿಕ್ಷೆಯಾಯಿತು. ಆತ ದೇಶ ಬಿಟ್ಟು ಓಡಿದ. 1915ರಲ್ಲಿ ಹವಾನಾದಲ್ಲಿ ಜೆಸ್ ವಿಲಾರ್ಡ್‌ಗೆ ಸೋತ. ಶಿಕ್ಷೆಗೆ ಕ್ಷಮಾದಾನ ಸಿಕ್ಕಿದ್ದು 2018ರಲ್ಲಿ, ಸತ್ತು ಎಪ್ಪತ್ತೆರಡು ವರ್ಷದ ಮೇಲೆ.

ಇಷ್ಟು ಹೇಳಿ ನಾವು ಜಾನ್ಸನ್ ದೊಡ್ಡವನು ಅಂತ ಕೈ ಎತ್ತಿಬಿಟ್ಟರೆ ಅದು ಮೋಸ. ಯಾಕೆಂದರೆ ಒಳಗೆ ಹೋದವನು ಬಾಗಿಲು ಹಾಕಿಕೊಂಡ. ಚಾಂಪಿಯನ್ ಆಗಿದ್ದ ಆರು ವರ್ಷಕ್ಕೂ ಮೀರಿದ ಅವಧಿಯಲ್ಲಿ ಆತ ಪಟ್ಟಕ್ಕಾಗಿ ಒಬ್ಬನೇ ಒಬ್ಬ ಕರಿಯನ ಜೊತೆ ಹೊಡೆದಾಡಿದ. 1913ರಲ್ಲಿ ಪ್ಯಾರಿಸ್ಸಿನಲ್ಲಿ, ಬ್ಯಾಟ್ಲಿಂಗ್ ಜಿಮ್ ಜಾನ್ಸನ್ ಅನ್ನುವವನ ಜೊತೆ, ಅದೂ ಸಮ ಸಮ. ಆ ಕಾಲದ ನಿಜವಾದ ಗಟ್ಟಿಗರು ಸ್ಯಾಮ್ ಲ್ಯಾಂಗ್‌ಫರ್ಡ್, ಜೋ ಜೀನೆಟ್, ಸ್ಯಾಮ್ ಮೆಕ್‌ವೇ. ಮೂವರೂ ಕರಿಯರು. ಮೂವರಿಗೂ ಪಟ್ಟದ ಪಂದ್ಯ ಸಿಗಲಿಲ್ಲ. ಇಬ್ಬರು ಕರಿಯರು ಹೊಡೆದಾಡಿದರೆ ದುಡ್ಡು ಕೊಟ್ಟು ನೋಡುವವರು ಯಾರು ಅನ್ನೋದು ಜಾನ್ಸನ್ನನ ಸಮಜಾಯಿಷಿ. ಲೆಕ್ಕ ಸರಿಯೇ ಇತ್ತು. ಜೆಫ್ರೀಸ್ ಹೇಳಿದ್ದೂ ಫಲಿತದಲ್ಲಿ ಅದನ್ನೇ ಅಲ್ಲವೆ?

ಲ್ಯಾಂಗ್‌ಫರ್ಡ್ ಬಗ್ಗೆ ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇವೆ, ಓದುಗರು ಬೇಸರ ಮಾಡಿಕೊಳ್ಳಬಾರದು. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಹುಟ್ಟಿದವನು. ಎತ್ತರ ಐದೂಮುಕ್ಕಾಲು ಅಡಿಯೂ ಇಲ್ಲ, ತೋಳು ಮಾತ್ರ ಉದ್ದ. ಲೈಟ್‌ವೇಯ್ಟ್‌ನಿಂದ ಶುರುಮಾಡಿ ಹೆವಿವೇಯ್ಟ್‌ತನಕ ಎಲ್ಲ ತೂಕದವರ ಜೊತೆಗೂ ಕೈ ಮಾಡಿದ. 1906ರಲ್ಲಿ, ತನಗಿಂತ ಎಷ್ಟೋ ತೂಕದ ಜಾನ್ಸನ್ ಜೊತೆ ಹದಿನೈದು ಸುತ್ತು ನಿಂತು ಸೋತ. ಆಮೇಲೆ ಲ್ಯಾಂಗ್‌ಫರ್ಡ್ ಬೆಳೆದ. ಜಾನ್ಸನ್ ಮತ್ತೆ ಅವನ ಹತ್ತಿರ ಬರಲಿಲ್ಲ. ಬಿಳಿಯ ಚಾಂಪಿಯನ್‌ಗಳಂತೂ ಬರಲೇ ಇಲ್ಲ. ಹೊಟ್ಟೆಪಾಡು ನಡೀಬೇಕಲ್ಲ? ಹಾಗಾಗಿ ಈ ಕರಿಯ ಬಾಕ್ಸರುಗಳು ತಮ್ಮ ತಮ್ಮಲ್ಲೇ ಹೊಡೆದಾಡಿಕೊಂಡರು. ಈ ವಾರ ಒಂದೂರು, ಮುಂದಿನ ತಿಂಗಳು ಇನ್ನೊಂದೂರು, ಎದುರಿಗೆ ಮತ್ತೆ ಅದೇ ಮುಖ. ಲ್ಯಾಂಗ್‌ಫರ್ಡ್ ಮತ್ತು ಹ್ಯಾರಿ ವಿಲ್ಸ್ ಹದಿನೈದಕ್ಕೂ ಹೆಚ್ಚು ಸಲ ಎದುರಾದರು. ಜೀನೆಟ್ ಜೊತೆ, ಮೆಕ್‌ವೇ ಜೊತೆ ಹತ್ತಕ್ಕೂ ಹೆಚ್ಚು ಸಲ. 1909ರಲ್ಲಿ ಪ್ಯಾರಿಸ್ಸಿನಲ್ಲಿ ಜೀನೆಟ್ ಮತ್ತು ಮೆಕ್‌ವೇ ನಲವತ್ತೊಂಬತ್ತು ಸುತ್ತು, ಮೂರು ಗಂಟೆಗೂ ಮೀರಿ ಹೊಡೆದಾಡಿದರು. ಐವತ್ತನೆಯ ಸುತ್ತಿಗೆ ಮೆಕ್‌ವೇ ಏಳಲಾಗಲಿಲ್ಲ. ಇವರಿಗೆ ಕೊಟ್ಟ ಬಿರುದು ‘ಕರಿಯರ ಚಾಂಪಿಯನ್’. ಬಾವಿ ಬೇರೆ, ಲೋಟ ಬೇರೆ, ಪಟ್ಟವೂ ಬೇರೆ.

1917ರಲ್ಲಿ ಫ್ರೆಡ್ ಫುಲ್ಟನ್ ಜೊತೆಗಿನ ಪಂದ್ಯದಲ್ಲಿ ಲ್ಯಾಂಗ್‌ಫರ್ಡ್‌ನ ಒಂದು ಕಣ್ಣು ಹೋಯಿತು. ಇನ್ನೊಂದೂ ಮಸುಕಾಗುತ್ತಾ ಬಂತು. ಎದುರಾಳಿಯನ್ನು ಕಣ್ಣಿಗಿಂತ ಮೈ ತಾಗಿಸಿ ತಿಳಿದುಕೊಂಡು, 1926ರವರೆಗೆ ಹೊಡೆದಾಡಿದ. 1944ರಲ್ಲಿ ಆಲ್ ಲೇನಿ ಅನ್ನುವ ಪತ್ರಕರ್ತ ಹುಡುಕಿಕೊಂಡು ಹೋದಾಗ ನ್ಯೂಯಾರ್ಕಿನ ಹಾರ್ಲೆಮ್ಮಿನ ಒಂದು ಕತ್ತಲೆ ಕೋಣೆಯಲ್ಲಿ ಕುರುಡನಾಗಿ, ಕಾಸಿಲ್ಲದೆ ಕೂತಿದ್ದ. ವರದಿ ಓದಿದವರು ಚಂದಾ ಎತ್ತಿದರು. 1956ರಲ್ಲಿ ತೀರಿಕೊಂಡ.

ಹ್ಯಾರಿ ವಿಲ್ಸ್ ಕತೆಯೂ ಇದೇ ಜಾಡಿನದು. 1919ರಿಂದ 1926ರವರೆಗೆ ಚಾಂಪಿಯನ್ ಆಗಿದ್ದ ಡೆಂಪ್ಸಿ ಜೊತೆ ಪಂದ್ಯ ಆಗುತ್ತೆ ಆಗುತ್ತೆ ಅಂತ ವರ್ಷಗಟ್ಟಲೆ ಕಾದ. ಕರಾರಿಗೆ ಸಹಿಯೂ ಬಿತ್ತು, ಪಂದ್ಯ ಮಾತ್ರ ಆಗಲಿಲ್ಲ. ಡೆಂಪ್ಸಿ ಹುಟ್ಟು ಬಡವ, ಗಣಿಯಲ್ಲಿ ದುಡಿದವನು, ಗೂಡ್ಸ್ ರೈಲಿನ ಅಡಿಯಲ್ಲಿ ನೇತಾಡಿಕೊಂಡು ಊರು ತಿರುಗಿದವನು. ಅವನ ಹಸಿವಿನ ಬಗ್ಗೆ ನಮಗೆ ಗೌರವವಿದೆ. ಆದರೆ 1950ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆ ಪತ್ರಕರ್ತರ ಮತ ಕೇಳಿದಾಗ ಅರ್ಧ ಶತಮಾನದ ಅತಿ ದೊಡ್ಡ ಬಾಕ್ಸರ್ ಅಂತ ಆರಿಸಿದ್ದು ಈ ಡೆಂಪ್ಸಿಯನ್ನು. ಹನ್ನೊಂದು ವರ್ಷ ಮೀರಿ ಪಟ್ಟ ಹಿಡಿದು, ಇಪ್ಪತ್ತೈದು ಸಲ ಉಳಿಸಿಕೊಂಡಿದ್ದ ಜೋ ಲೂಯಿಸ್ ಇನ್ನೂ ಅವರ ಕಣ್ಣೆದುರಿಗೇ ಇದ್ದ.

ಲೂಯಿಸ್ ಮಾತು ಬಂತು. ಜಾನ್ಸನ್ ಸೋತ ಮೇಲೆ ಇಪ್ಪತ್ತೆರಡು ವರ್ಷ ಯಾವ ಕರಿಯನಿಗೂ ಈ ಪಟ್ಟಕ್ಕೆ ಹೊಡೆದಾಡಲು ಬಿಡಲಿಲ್ಲ. 1937ರಲ್ಲಿ ಬಾಗಿಲು ತೆಗೆದದ್ದು ಲೂಯಿಸ್‌ಗೆ, ಅದೂ ಷರತ್ತಿನ ಮೇಲೆ. ಬಿಳಿಯ ಹೆಣ್ಣಿನ ಜೊತೆ ಫೋಟೋಕ್ಕೆ ನಿಲ್ಲಬಾರದು, ಬಿದ್ದ ಬಿಳಿಯನ ಮುಂದೆ ನಗಬಾರದು ಅಂತ ಅವನ ಮ್ಯಾನೇಜರುಗಳೇ ಪಾಠ ಮಾಡಿದರು. ಆ ಮ್ಯಾನೇಜರುಗಳೂ ಕರಿಯರೇ. ಜಾನ್ಸನ್‌ಗೆ ಏನಾಯಿತು ಅಂತ ಕಂಡವರು. ತಲೆ ತಗ್ಗಿಸಿದವನು ಅಂತ ಲೂಯಿಸ್‌ನನ್ನು ಹೀಗಳೆಯೋದು ಸುಲಭ. ನಾವು ಹೀಗಳೆಯೋದಿಲ್ಲ. ತಲೆ ತಗ್ಗಿಸಿಕೊಂಡೇ ಅವನು ಜಾನ್ಸನ್ ಮಾಡದ ಕೆಲಸ ಮಾಡಿದ. 1939ರಲ್ಲಿ ಜಾನ್ ಹೆನ್ರಿ ಲೂಯಿಸ್‌ಗೆ, 1947 ಮತ್ತು 1948ರಲ್ಲಿ ಜೋ ವಾಲ್‌ಕಾಟ್‌ಗೆ ಪಟ್ಟದ ಪಂದ್ಯ ಕೊಟ್ಟ. 1938ರಲ್ಲಿ ಷ್ಮೆಲಿಂಗ್‌ನನ್ನು ಒಂದೇ ಸುತ್ತಿನಲ್ಲಿ ಮುಗಿಸಿದಾಗ, ಹಿಟ್ಲರನ ಜರ್ಮನಿಯ ಎದುರು ಇಡೀ ಅಮೆರಿಕ ಅವನನ್ನು ತನ್ನವನು ಅಂದಿತು. 1942ರಲ್ಲಿ ಎರಡು ಪಂದ್ಯದ ಹಣವನ್ನು ನೌಕಾಪಡೆ, ಭೂಸೇನೆಗಳ ಪರಿಹಾರ ನಿಧಿಗೆ ಕೊಟ್ಟ. ಅದೇ ಅಮೆರಿಕದ ತೆರಿಗೆ ಇಲಾಖೆ ಬೆನ್ನು ಹತ್ತಿದಾಗ, ನಿವೃತ್ತಿ ಮುರಿದು ಮೂವತ್ತೇಳನೆಯ ವಯಸ್ಸಿನಲ್ಲಿ ಮಾರ್ಸಿಯಾನೊ ಮುಂದೆ ಬಂದು ಹಗ್ಗದ ಆಚೆಗೆ ಬಿದ್ದ. ಕೊನೆಗಾಲದಲ್ಲಿ ಲಾಸ್ ವೇಗಾಸಿನ ಜೂಜುಕಟ್ಟೆಯಲ್ಲಿ ಬಂದವರ ಕೈ ಕುಲುಕುವ ಕೆಲಸ.

ಮಾರ್ಸಿಯಾನೊ ಮೇಲೆ ನಮ್ಮ ಸಿಟ್ಟಿಲ್ಲ. ಬೂಟು ಕಾರ್ಖಾನೆಯ ಇಟಾಲಿಯನ್ ಕಾರ್ಮಿಕನ ಮಗ; ವಾಲ್‌ಕಾಟ್, ಚಾರ್ಲ್ಸ್, ಮೂರ್ ಹೀಗೆ ಎದುರಿಗೆ ಬಂದ ಕರಿಯರಿಗೆ ಬೆನ್ನು ತೋರಿಸಿದವನಲ್ಲ. ಅವರಲ್ಲಿ ಹಲವರು ಪ್ರಾಯ ಮೀರಿದವರಾಗಿದ್ದರು, ಅದು ಅವನ ತಪ್ಪಲ್ಲ. ನಲವತ್ತೊಂಬತ್ತು ಪಂದ್ಯ, ನಲವತ್ತೊಂಬತ್ತು ಗೆಲುವು. ಆ ಅಂಕಿಯನ್ನು ಬಿಳಿಯರ ಮನೆದೇವರು ಮಾಡಿಕೊಂಡು ಪೂಜೆ ಮಾಡುವವರ ಮೇಲೆ ನಮ್ಮ ಸಿಟ್ಟು. 1969ರಲ್ಲಿ ಅಲಿಯನ್ನೂ ಮಾರ್ಸಿಯಾನೊನನ್ನೂ ಕರೆದು ಸುಳ್ಳು ಪಂದ್ಯದ ಚಿತ್ರ ತೆಗೆದರು. ಹೊಟ್ಟೆಪಾಡಿಗೆ ಅಲಿ ಒಪ್ಪಿದ. 1970ರ ಜನವರಿಯಲ್ಲಿ ಅಮೆರಿಕದ ಥಿಯೇಟರುಗಳಲ್ಲಿ ಮಾರ್ಸಿಯಾನೊ ಹದಿಮೂರನೆಯ ಸುತ್ತಿನಲ್ಲಿ ಗೆದ್ದ. ಯುರೋಪಿನಲ್ಲಿ ತೋರಿಸಿದ ಪ್ರತಿಯಲ್ಲಿ ಅಲಿ ಗೆದ್ದ! ಎಲ್ಲ ಕಾಲದ ಸತ್ಯ ಅಂದರೆ ಟಿಕೆಟ್ ಕೊಳ್ಳುವವನ ಊರಿನ ಮೇಲೆ ನಿಂತದ್ದು.

ಈಗಿನ ಹುಡುಗರ ವಾದ ಬೇರೆ ಇದೆ. ಹಳಬರು ಸಣ್ಣ ಆಳುಗಳು, ಈಗಿನ ದೈತ್ಯರ ಮುಂದೆ ನಿಲ್ಲುತ್ತಿರಲಿಲ್ಲ ಅನ್ನುತ್ತಾರೆ. ಮಾರ್ಸಿಯಾನೊ ತೂಕ ಸುಮಾರು 84 ಕಿಲೋ. ಇವತ್ತಾಗಿದ್ದರೆ ಅವನನ್ನು ಹೆವಿವೇಯ್ಟ್ ಅನ್ನದೆ ಕ್ರೂಸರ್‌ವೇಯ್ಟ್ ಅನ್ನುತ್ತಿದ್ದರು. ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ 2024ರ ಮೇ ತಿಂಗಳಲ್ಲಿ ಸುಮಾರು 100 ಕಿಲೋದ ಊಸಿಕ್, ಸುಮಾರು 119 ಕಿಲೋದ ಆರಡಿ ಒಂಬತ್ತಂಗುಲದ ಫ್ಯೂರಿಯನ್ನು ಸೋಲಿಸಿದ್ದನ್ನೂ ಇದೇ ಹುಡುಗರು ನೋಡಿದ್ದಾರೆ. ಇನ್ನು, ಹಳಬರು ಹದಿನೈದು ಸುತ್ತು, ಅದಕ್ಕೂ ಹಿಂದಿನವರು ನಲವತ್ತೈದು ಸುತ್ತಿಗೆ ತಯಾರಾಗುತ್ತಿದ್ದರು, ಈಗ ಹನ್ನೆರಡೇ. ಅಳತೆಗೋಲೇ ಬೇರೆ ಬೇರೆ ಆದಾಗ ಅಳೆಯೋದು ಏನನ್ನು?

ಅಳೆಯಲೇಬೇಕು ಅಂತಾದರೆ ನಾವು ಒಂದೇ ಪ್ರಶ್ನೆ ಕೇಳುತ್ತೇವೆ. ತನ್ನ ಕಾಲದಲ್ಲಿ ತನ್ನನ್ನು ಬೀಳಿಸಬಲ್ಲವರು ಯಾರಿದ್ದರೋ ಅವರ ಮುಂದೆ ಇವನು ನಿಂತನೆ? ಈ ಪ್ರಶ್ನೆಗೆ ಅಲಿಯಷ್ಟು ಚೆನ್ನಾಗಿ ಉತ್ತರ ಕೊಟ್ಟವರು ಇಲ್ಲ. ಲಿಸ್ಟನ್ ಎರಡು ಸಲ, ಫ್ರೇಜಿಯರ್ ಮೂರು ಸಲ, ನಾರ್ಟನ್ ಮೂರು ಸಲ, 1974ರಲ್ಲಿ ಕಿನ್ಶಾಸಾದಲ್ಲಿ ಫೋರ್ಮನ್. ಅದೂ ಪ್ರಾಯದ ಮೂರೂವರೆ ವರ್ಷವನ್ನು ಸರ್ಕಾರ ಕಿತ್ತುಕೊಂಡ ಮೇಲೆ. 1971ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆ ರದ್ದು ಮಾಡಿತು, ಕಾಲುಗಳ ಆ ವೇಗವನ್ನು ಯಾವ ಕೋರ್ಟೂ ವಾಪಸ್ ಕೊಡಲಿಲ್ಲ.

ಆದರೂ ಒಂದು ಮಾತನ್ನು ನುಂಗಿಕೊಂಡು ಜೈಕಾರ ಹಾಕಲು ನಮ್ಮಿಂದ ಆಗೋದಿಲ್ಲ. ಜೋ ಫ್ರೇಜಿಯರ್ ದಕ್ಷಿಣ ಕೆರೊಲಿನಾದ ಹೊಲಗೂಲಿಯ ಮಗ, ಫಿಲಡೆಲ್ಫಿಯಾದ ಕಸಾಯಿಖಾನೆಯಲ್ಲಿ ದುಡಿದವನು. ಅಲಿಗೆ ಲೈಸೆನ್ಸು ಇಲ್ಲದಾಗ ಅವನ ಪರ ಮಾತಾಡಿದ, ಕೈಗೆ ಹಣ ಕೊಟ್ಟ. ಅಂಥವನನ್ನು ಅಲಿ ಬಿಳಿಯರ ಬಾಲಬಡುಕ ಅಂದ. 1975ರಲ್ಲಿ ಮನಿಲಾ ಪಂದ್ಯಕ್ಕೆ ಮೊದಲು ಗೊರಿಲ್ಲಾ ಅಂತ ಕರೆದು, ರಬ್ಬರಿನ ಗೊರಿಲ್ಲಾ ಬೊಂಬೆ ಹಿಡಿದು ಗುದ್ದಿ ಪತ್ರಕರ್ತರನ್ನು ನಗಿಸಿದ. ಕರಿಯರನ್ನು ಕೋತಿಗೆ ಹೋಲಿಸುವುದು ಯಾರ ಭಾಷೆ? ಕೇಳಿ ನಕ್ಕವರಲ್ಲಿ ಆ ಭಾಷೆಯ ಒಡೆಯರೂ ಇದ್ದರು. ಫ್ರೇಜಿಯರ್ ಮಕ್ಕಳು ಶಾಲೆಯಲ್ಲಿ ಇದನ್ನು ಅನ್ನಿಸಿಕೊಂಡು ಬಂದರು. ಮನಿಲಾದ ಆ ಸೆಖೆಯಲ್ಲಿ, ಮೊದಲೇ ಮಂಜಾಗಿದ್ದ ಎಡಗಣ್ಣಿನ ಜೊತೆ ಬಲಗಣ್ಣೂ ಊದಿ ಮುಚ್ಚಿಹೋಗಿ, ಹದಿನಾಲ್ಕು ಸುತ್ತು ಮುಂದೆ ಮುಂದೆ ನುಗ್ಗಿ ಬಂದವನು ಅವನು. ಹದಿನೈದಕ್ಕೆ ಏಳಬೇಡ ಅಂತ ಗುರು ಎಡ್ಡಿ ಫಚ್ ತಡೆದು ಕೂರಿಸಿದ. 2001ರಲ್ಲಿ ಅಲಿ ಪತ್ರಿಕೆಯವರ ಮುಂದೆ ಕ್ಷಮೆ ಕೇಳಿದ. ಹೊಡೆತ ಬಿದ್ದದ್ದು ಇಪ್ಪತ್ತಾರು ವರ್ಷದ ಹಿಂದೆ.

ಫಿಲಡೆಲ್ಫಿಯಾದಲ್ಲಿ ಒಂದು ಪ್ರತಿಮೆ ಇದೆ. ರಾಕಿ ಬಾಲ್ಬೋವಾ ಅನ್ನುವ ಬಿಳಿಯ ಬಾಕ್ಸರಿನದು. ಅಂಥ ಮನುಷ್ಯ ಹುಟ್ಟಿಯೇ ಇಲ್ಲ, 1976ರ ಸಿನಿಮಾದ ಪಾತ್ರ ಅದು. ಎಂಬತ್ತರ ದಶಕದಲ್ಲೇ ಪ್ರತಿಮೆ ಬಂತು, ಜನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದೇ ಊರಿನಲ್ಲಿ ಬಾಳಿದ ನಿಜವಾದ ಚಾಂಪಿಯನ್ ಫ್ರೇಜಿಯರ್ ಪ್ರತಿಮೆ ನಿಂತದ್ದು 2015ರಲ್ಲಿ. ಆತ 2011ರಲ್ಲೇ ಸತ್ತಿದ್ದ.

ಈಗ ನಮ್ಮ ಪಟ್ಟಿ ಎಲ್ಲಿ ಅಂತ ಕೇಳುತ್ತೀರಿ. ಮೊದಲನೆಯವನು ಅಲಿ, ಮೇಲೆ ಹೇಳಿದ ಕಲೆಯ ಸಮೇತ. ಎರಡನೆಯವನು ಲೂಯಿಸ್. ಮೂರನೆಯ ಜಾಗಕ್ಕೆ ನಾವು ಸ್ಯಾಮ್ ಲ್ಯಾಂಗ್‌ಫರ್ಡ್ ಹೆಸರು ಬರೆಯುತ್ತೇವೆ. ಚಾಂಪಿಯನ್ನೇ ಆಗದವನನ್ನು ಹೇಗೆ ಸೇರಿಸ್ತೀರಿ ಅಂದರೆ, ‘ರಿಂಗ್’ ಪತ್ರಿಕೆ ಕಟ್ಟಿದ ನ್ಯಾಟ್ ಫ್ಲೈಶರ್ 1958ರಷ್ಟು ಹಿಂದೆಯೇ ತನ್ನ ಪಟ್ಟಿಯಲ್ಲಿ ಲ್ಯಾಂಗ್‌ಫರ್ಡ್‌ಗೆ ಏಳನೆಯ ಜಾಗ ಕೊಟ್ಟಿದ್ದ. ಜಾನ್ಸನ್‌ಗೆ ಮೊದಲನೆಯದನ್ನೇ ಕೊಟ್ಟಿದ್ದ. ಆದರೆ ಎರಡನೆಯದು ಜೆಫ್ರೀಸ್‌ಗೆ, ಲೂಯಿಸ್ ಆರನೆಯವನು! ಹಾಗಾಗಿ ಫ್ಲೈಶರ್‌ನನ್ನು ಪೂರ್ತಿ ನಂಬಬೇಕಿಲ್ಲ, ಪೂರ್ತಿ ಬಿಡಬೇಕಾಗಿಯೂ ಇಲ್ಲ. ನಮ್ಮ ಗೆಳೆಯರ ಗುಂಪಿನಲ್ಲಿ ಇಬ್ಬರು ಮಾತ್ರ ಇದನ್ನು ಒಪ್ಪಿಲ್ಲ. ಬಾಗಿಲು ಹಾಕಿಕೊಂಡರೂ ಮೊದಲು ಒದ್ದವನು ಜಾನ್ಸನ್, ಮೂರನೆಯದು ಅವನದೇ ಅಂತ ಹಟ ಹಿಡಿದಿದ್ದಾರೆ. ಅವರ ವಾದ ಬರೆದುಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಓದುಗರೂ ಬರೆಯಿರಿ.